ಅಲರ್ಟ್ ಯಾವಾಗ ಬರಬೇಕು? 1924ರಲ್ಲೇ ಉತ್ತರ ಕೊಟ್ಟ ವಾಲ್ಟರ್ ಶೂಹಾರ್ಟ್

ಬ್ಯಾಂಕ್ ಖಾತೆ, ರೈಲು ಟಿಕೆಟ್, ಆಸ್ಪತ್ರೆ ದಾಖಲೆ ಎಲ್ಲವೂ ಈಗ ಡೇಟಾಬೇಸ್‌ಗಳಲ್ಲಿವೆ. ಅವುಗಳನ್ನು ಹಗಲು ರಾತ್ರಿ ಕಾಯುವ ಸಾಫ್ಟ್‌ವೇರ್‌ಗಳಿವೆ. ಏನಾದರೂ ಎಡವಟ್ಟಾದರೆ ಅವು ತಾವಾಗಿಯೇ ಸಿಬ್ಬಂದಿಯ ಮೊಬೈಲಿಗೆ ಅಲರ್ಟ್ ಕಳಿಸುತ್ತವೆ. ಆದರೆ ಎಡವಟ್ಟು ಯಾವುದು, ಮಾಮೂಲಿ ಏರಿಳಿತ ಯಾವುದು ಎಂದು ತಿಳಿಯುವುದು ಹೇಗೆ? ಕಂಪ್ಯೂಟರ್ ಬರುವ ಮೊದಲೇ ಇದಕ್ಕೆ ದಾರಿ ತೋರಿದವರು ಅಮೆರಿಕದ ವಾಲ್ಟರ್ ಶೂಹಾರ್ಟ್.

ಯಾರಿವರು?

ಹುಟ್ಟಿದ್ದು 1891ರಲ್ಲಿ, ಇಲಿನಾಯ್ ರಾಜ್ಯದ ನ್ಯೂ ಕ್ಯಾಂಟನ್‌ನಲ್ಲಿ. 1917ರಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಪಡೆದು, ಮರುವರ್ಷ ಟೆಲಿಫೋನ್ ಉಪಕರಣ ತಯಾರಿಸುವ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಸೇರಿದರು. ಅಳತೆ ಸ್ವಲ್ಪ ಹೆಚ್ಚುಕಮ್ಮಿ ಆದಾಗಲೆಲ್ಲ ಯಂತ್ರವನ್ನು ಸರಿಪಡಿಸಲು ಹೋದರೆ, ಗುಣಮಟ್ಟ ಇನ್ನಷ್ಟು ಕೆಡುತ್ತದೆ ಎಂಬುದನ್ನು ಅವರು ಗಮನಿಸಿದರು.

1924ರ ಮೇ 16ರಂದು ಮೇಲಧಿಕಾರಿಗೆ ಒಂದು ಪುಟ್ಟ ಟಿಪ್ಪಣಿ ಕಳಿಸಿದರು. ಅದರಲ್ಲಿದ್ದ ಚಿತ್ರವೇ ಮುಂದೆ ಕಂಟ್ರೋಲ್ ಚಾರ್ಟ್ ಎಂದು ಹೆಸರಾಯಿತು.

ಮೂರು ಗೆರೆಗಳ ಲೆಕ್ಕ

ಹಳೆಯ ಅಳತೆಗಳ ಸರಾಸರಿಗೆ ನಡುವೆ ಒಂದು ಗೆರೆ. ಅದರಿಂದ ಮೂರು ಸ್ಟ್ಯಾಂಡರ್ಡ್ ಡೀವಿಯೇಷನ್ ದೂರದಲ್ಲಿ ಮೇಲೊಂದು, ಕೆಳಗೊಂದು ಗೆರೆ. ಒಳಗಿದ್ದರೆ ಸಹಜ ಏರಿಳಿತ, ಯಂತ್ರ ಮುಟ್ಟಬೇಡಿ. ಹೊರಗೆ ಹೋದರೆ ಕಾರಣ ಹುಡುಕಿ.

ಗೆರೆಗಳು ತೀರಾ ಹತ್ತಿರವಿದ್ದರೆ ಸುಳ್ಳು ಅಲರ್ಟ್ ಹೆಚ್ಚುತ್ತದೆ. ತೀರಾ ದೂರವಿದ್ದರೆ ನಿಜವಾದ ತೊಂದರೆ ಕಣ್ತಪ್ಪುತ್ತದೆ. ಮೂರರ ಲೆಕ್ಕದಲ್ಲೂ 1000 ಅಳತೆಗೆ ಸುಮಾರು 3 ಸುಳ್ಳು ಅಲರ್ಟ್ ಬರಬಹುದು. ನಿಮಿಷಕ್ಕೊಮ್ಮೆ ನೋಡಿದರೆ ದಿನಕ್ಕೆ 1440 ಅಳತೆ, ಅಂದರೆ ಸುಮಾರು 4 ಸುಳ್ಳು ಅಲರ್ಟ್! ತೋಳ ಬಂತು ತೋಳ ಕಥೆಯಂತೆ, ಕೊನೆಗೆ ನಿಜವಾದ ಅಲರ್ಟ್ ಬಂದಾಗಲೂ ಯಾರೂ ಏಳುವುದಿಲ್ಲ. ಅದಕ್ಕೇ ಹಲವು ಸಾಫ್ಟ್‌ವೇರ್‌ಗಳು ಸತತ ಕೆಲವು ಅಳತೆ ಹದ ತಪ್ಪಿದ ಮೇಲಷ್ಟೇ ಅಲರ್ಟ್ ಕಳಿಸುತ್ತವೆ.

ಭಾರತಕ್ಕೂ ಬಂದಿದ್ದರು

1925ರಿಂದ 1956ರವರೆಗೆ ಬೆಲ್ ಲ್ಯಾಬ್ಸ್‌ನಲ್ಲಿದ್ದ ಶೂಹಾರ್ಟ್, ಪ್ರಶಾಂತಚಂದ್ರ ಮಹಾಲನೋಬಿಸ್ ಅವರ ಆಹ್ವಾನದ ಮೇಲೆ 1947-48ರಲ್ಲಿ ಭಾರತಕ್ಕೂ ಬಂದಿದ್ದರು. ಅವರಿಂದ ಪ್ರಭಾವಿತರಾದ ಡೆಮಿಂಗ್ 1950ರಲ್ಲಿ ಈ ವಿಧಾನವನ್ನು ಜಪಾನಿನಲ್ಲಿ ಕಲಿಸಿದರು. ಶೂಹಾರ್ಟ್ ತೀರಿಕೊಂಡದ್ದು 1967ರಲ್ಲಿ.

ನಮಗೇನು ಪಾಠ?

ಒಂದು ದಿನ ಬಿಪಿ ತುಸು ಏರಿತೆಂದು ನಾವೇ ಮಾತ್ರೆ ಬದಲಿಸುವುದು, ಯಂತ್ರವನ್ನು ಸುಮ್ಮಸುಮ್ಮನೆ ತಿರುಗಿಸಿದ ಹಾಗೆ. ಕೆಲವು ದಿನದ ಅಳತೆ ಬರೆದಿಟ್ಟು ವೈದ್ಯರಿಗೆ ತೋರಿಸೋಣ. ಎದೆನೋವು, ಉಸಿರಾಟದ ತೊಂದರೆ ಇದ್ದರೆ ಮಾತ್ರ ಕಾಯುವುದು ಬೇಡ, ಕೂಡಲೇ ಆಸ್ಪತ್ರೆಗೆ ಹೋಗೋಣ. ಒಂದೇ ದಿನದ ಅಂಕಿ ಹಿಡಿದು ಹೆದರಿಸುವ ಫಾರ್ವರ್ಡ್ ಬಂದರೆ ಮೊದಲು ಕೇಳೋಣ: ಮಾಮೂಲಿ ದಿನಗಳಲ್ಲಿ ಇದು ಎಷ್ಟಿರುತ್ತದೆ?