ಕುದುರೆಯೇ ಬಲ, ಕುದುರೆಯೇ ಭಾರ: ಧೋಂಡಿಯಾ ವಾಘನ ಬಾಳಿನಿಂದ ಒಂದು ಪಾಠ

ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಇಂದು ಕುದುರೆ ಕಟ್ಟಿದ ಮನೆ ಅಪರೂಪ. ಸುಗ್ಗಿ ಮುಗಿದ ಮೇಲೆ ಬಯಲುಸೀಮೆಯ ಕುರಿಗಾರರು ಮಂದೆ ತಂದಾಗ ಅವರ ಗಂಟುಮೂಟೆ ಹೊತ್ತ ತಟ್ಟುಗಳನ್ನು ಕಾಣುವುದುಂಟು. ಮದುವೆಯ ಮೆರವಣಿಗೆಗೆ ಬಾಡಿಗೆಯ ಕುದುರೆಯೊಂದು ಬರುವುದುಂಟು. ಆದರೆ ಇನ್ನೂರು ವರ್ಷಗಳಿಗೂ ಹಿಂದೆ ಕುದುರೆಯ ಬೆನ್ನಿನ ಮೇಲೆಯೇ ರಾಜ್ಯ ಕಟ್ಟಹೊರಟ ಒಬ್ಬನು ಇದೇ ನೆಲದಲ್ಲಿ ಓಡಾಡಿದ್ದನು. ಅವನೇ ಧೋಂಡಿಯಾ ವಾಘ್. ಕೆಲವರು ಅವನನ್ನು ಕಂಪನಿ ಸರ್ಕಾರದ ವಿರುದ್ಧ ಎದ್ದ ವೀರನೆಂದರು, ಕೆಲವರು ಲೂಟಿಗಾರನೆಂದರು. ಆ ವಾದ ಹಾಗಿರಲಿ. ಪ್ರಾಣಿ ಸಾಕುವ ರೈತ ಬಾಂಧವರು ಅವನ ಬಾಳನ್ನು ಇನ್ನೊಂದು ದೃಷ್ಟಿಯಿಂದ ನೋಡಬಹುದು. ಅವನನ್ನು ಮೇಲಕ್ಕೇರಿಸಿದ್ದು ಕುದುರೆ. ಅವನಿಗೆ ನಿಲ್ಲಲು ಬಿಡದಿದ್ದುದೂ ಕುದುರೆಯ ಹೊಟ್ಟೆಯೇ.

ಚನ್ನಗಿರಿಯ ಸವಾರ

ಧೋಂಡಿಯಾ ಹುಟ್ಟಿದ್ದು ಚನ್ನಗಿರಿಯ ಮರಾಠಾ ಮನೆತನವೊಂದರಲ್ಲಿ. ವಾಘ್ ಎಂದರೆ ಮರಾಠಿಯಲ್ಲಿ ಹುಲಿ. ಹರೆಯದಲ್ಲಿ ಹೈದರಾಲಿಯ ಕುದುರೆ ದಳವನ್ನು ಸೇರಿದನು. ಆ ಕಾಲದ ಸವಾರರಲ್ಲಿ ಎರಡು ಬಗೆ. ಸರ್ಕಾರದ ಕುದುರೆ ಏರುವವನು ಬಾರ್ಗೀರ. ಸ್ವಂತ ಕುದುರೆ ತರುವವನು ಸಿಲೇದಾರ. ಸಿಲೇದಾರನ ಕುದುರೆ ಸತ್ತರೆ ಅವನ ಸಂಬಳವೂ ಹೋದಂತೆಯೇ. ಒಂದೇ ಜೋಡಿ ಎತ್ತನ್ನು ನಂಬಿದ ಬಡ ರೈತನ ಸ್ಥಿತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಟಿಪ್ಪುವಿಗೂ ಕಂಪನಿಗೂ ನಡೆದ ಯುದ್ಧ 1792ರಲ್ಲಿ ಮುಗಿಯುವ ಹೊತ್ತಿಗೆ ಧೋಂಡಿಯಾ ಸೈನ್ಯ ಬಿಟ್ಟು ಲಕ್ಷ್ಮೇಶ್ವರದ ಕಡೆ ಹೋಗಿ ತನ್ನದೇ ದಂಡು ಕಟ್ಟಿದ್ದನು. 1794ರಲ್ಲಿ ಮರಾಠಾ ಸರದಾರ ಧೋಂಡೋಪಂತ ಗೋಖಲೆ ಅವನನ್ನು ಸೋಲಿಸಿದನು. ನಿರುಪಾಯನಾಗಿ ಟಿಪ್ಪುವಿನ ಆಶ್ರಯಕ್ಕೆ ಬಂದ ಅವನು ಕೆಲಕಾಲದಲ್ಲಿಯೇ ಶ್ರೀರಂಗಪಟ್ಟಣದ ಸೆರೆಮನೆ ಸೇರಿದನು. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಮಡಿದಾಗ ಸೆರೆಯಾಳುಗಳ ಜೊತೆ ಇವನೂ ಹೊರಬಿದ್ದನು.

ಶಿಕಾರಿಪುರದ ಮಳೆಗಾಲ

ಟಿಪ್ಪುವಿನ ಸೈನ್ಯ ಚದುರಿದ್ದರಿಂದ ಸಾವಿರಾರು ಸವಾರರಿಗೆ ಕುದುರೆಯಿತ್ತು, ಸಂಬಳವಿರಲಿಲ್ಲ. ಅವರು ಧೋಂಡಿಯಾನ ಸುತ್ತ ಕೂಡಿದರು. ಬಿದನೂರಿನ ಸೀಮೆ, ಶಿವಮೊಗ್ಗದ ಸುತ್ತಲಿನ ಊರುಗಳು ಅವನ ಕೈಗೆ ಬಂದವು. ಕಂಪನಿ ಸರ್ಕಾರವು ಕರ್ನಲ್ ಸ್ಟೀವನ್‌ಸನ್ ಮತ್ತು ಕರ್ನಲ್ ಡಾಲ್ರಿಂಪಲ್ ಅವರ ದಳಗಳನ್ನು ಕಳುಹಿಸಿತು. 1799ರ ಆಗಸ್ಟ್ ತಿಂಗಳಲ್ಲಿ ಶಿಕಾರಿಪುರದ ಬಳಿ ಅವನ ದಂಡು ಮುರಿಯಿತು. ಅವನು ಉತ್ತರಕ್ಕೆ ಓಡಿ ಮರಾಠರ ಸೀಮೆಯನ್ನು ಹೊಕ್ಕನು.

ಆಗಸ್ಟ್ ಎಂದರೆ ಆಶ್ಲೇಷ, ಮಘಾ ಮಳೆಯ ದಿನಗಳು. ನಮ್ಮ ಕುಮುದ್ವತಿ, ದಂಡಾವತಿ, ವರದಾ ನದಿಗಳು ತುಂಬಿ ಹರಿಯುವ ಕಾಲ. ಗದ್ದೆ ಬಯಲೆಲ್ಲ ಕೆಸರು. ಕುದುರೆ ಒಣನೆಲದ ಪ್ರಾಣಿ. ದಿನಗಟ್ಟಲೆ ಕೆಸರಿನಲ್ಲಿ ನಿಂತರೆ ಗೊರಸಿನ ಅಡಿಯ ಮೆತ್ತನೆಯ ಭಾಗ ಕೊಳೆತು, ಕಪ್ಪಾಗಿ, ದುರ್ವಾಸನೆ ಬರುತ್ತದೆ. ಕಾಲು ಕುಂಟುತ್ತದೆ. ಮಳೆಗಾಲದಲ್ಲಿ ಕಚ್ಚುವ ದೊಡ್ಡ ನೊಣಗಳು ಹೆಚ್ಚಿ ಸರ್ರಾ ರೋಗವನ್ನು ಹರಡುತ್ತವೆ. ಸರ್ರಾ ತಗುಲಿದ ಕುದುರೆಗೆ ಬಿಟ್ಟುಬಿಟ್ಟು ಜ್ವರ ಬರುತ್ತದೆ, ರಕ್ತ ಕಡಿಮೆಯಾಗುತ್ತದೆ, ಕಾಲು ಮತ್ತು ಹೊಟ್ಟೆಯ ಅಡಿ ಬಾವು ಕಾಣುತ್ತದೆ, ಮೇವು ತಿಂದರೂ ಮೈ ಸೊರಗುತ್ತದೆ. ಮಲೆನಾಡಿನ ಅಂಚಿನಲ್ಲಿ ದೊಡ್ಡ ಕುದುರೆ ದಂಡನ್ನು ಮಳೆಗಾಲವಿಡೀ ನಿಲ್ಲಿಸುವುದು ಎಂಥವನಿಗೂ ಕಷ್ಟದ ಕೆಲಸ.

ಹೊಟ್ಟೆಯ ಲೆಕ್ಕ

ದಖ್ಖನ್ನಿನ ಸವಾರರ ಮೆಚ್ಚಿನ ಕುದುರೆ ಭೀಮಾ ನದಿಯ ಬಯಲಿನ ಭೀಮ್‌ಥಡಿ ತಳಿ. ಎತ್ತರ ಕಡಿಮೆ. ಆದರೆ ಗಟ್ಟಿ ಗೊರಸು, ಒರಟು ಮೇವಿನಲ್ಲಿಯೂ ಬದುಕುವ ಗುಣ, ದೂರ ನಡೆಯುವ ಶಕ್ತಿ ಇವು ಅದರ ಹೆಚ್ಚುಗಾರಿಕೆ. ಕರ್ನಾಲದ ರಾಷ್ಟ್ರೀಯ ಸಂಸ್ಥೆಯು ಇತ್ತೀಚೆಗೆ ಇದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿದೆ.

ಎಷ್ಟೇ ಗಟ್ಟಿ ತಳಿಯಾದರೂ ಹೊಟ್ಟೆಗೆ ಬೇಕೇ ಬೇಕು. ಒಂದು ಕುದುರೆಗೆ ದಿನಕ್ಕೆ 7 ಕಿಲೋ ಒಣಮೇವು, 30 ಲೀಟರ್ ನೀರು ಎಂದು ಹಿಡಿಯೋಣ. 5,000 ಕುದುರೆಗಳಿಗೆ ದಿನವೊಂದಕ್ಕೆ 35 ಟನ್ ಮೇವು, ಒಂದೂವರೆ ಲಕ್ಷ ಲೀಟರ್ ನೀರು ಬೇಕಾಗುತ್ತದೆ. ಹುರುಳಿಯ ಲೆಕ್ಕ ಬೇರೆ. ಸ್ವಂತ ಸೀಮೆಯಿಲ್ಲದ, ಉಗ್ರಾಣವಿಲ್ಲದ ದಂಡಿಗೆ ಇಷ್ಟೆಲ್ಲ ಎಲ್ಲಿಂದ ಬರಬೇಕು? ಹಳ್ಳಿಯ ಬಣವೆಯಿಂದ, ರೈತನ ಕಣಜದಿಂದ. ಅವನನ್ನು ಬೆನ್ನಟ್ಟಿ ಬಂದ ಕಂಪನಿಯ ದಂಡಿನ ಪ್ರಾಣಿಗಳಿಗೂ ಇದೇ ನೆಲದ ಹುಲ್ಲು ಬೇಕಾಗಿತ್ತು. ಯಾರು ಗೆದ್ದರೂ ಖಾಲಿಯಾದದ್ದು ರೈತನ ಹಿತ್ತಲು ಎಂಬುದನ್ನು ಮರೆಯಬಾರದು.

ಮನೋಳಿಯ ದಡ, ಕೋಣಗಲ್ಲಿನ ಬಯಲು

1800ರಲ್ಲಿ ಧೋಂಡಿಯಾ ಮತ್ತೆ ದೊಡ್ಡ ದಂಡು ಕಟ್ಟಿ, ಎರಡು ಲೋಕಗಳ ಒಡೆಯನೆಂಬ ಬಿರುದು ಧರಿಸಿದನು. ಅವನ ಬೆನ್ನು ಹತ್ತಿದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿಕೊಂಡು 1815ರಲ್ಲಿ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ವೆಲ್ಲೆಸ್ಲಿ ಕುದುರೆಯ ವೇಗವೊಂದನ್ನೇ ನಂಬಲಿಲ್ಲ. ಧಾನ್ಯದ ಸಾಗಣೆಗೆ, ತೋಪು ಎಳೆಯುವುದಕ್ಕೆ ಎತ್ತುಗಳ ವ್ಯವಸ್ಥೆಯನ್ನು ಮೊದಲು ಮಾಡಿಕೊಂಡನು. ಮೈಸೂರಿನ ಅಮೃತಮಹಲ್ ಎತ್ತುಗಳು ಅವನ ದಂಡಿಗೆ ಬಹಳ ನೆರವಾದವು.

ಜೂನ್ ತಿಂಗಳಲ್ಲಿ ವೆಲ್ಲೆಸ್ಲಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರನ್ನು ಹಿಡಿದನು. ಅದೇ ತಿಂಗಳ ಕೊನೆಯಲ್ಲಿ ಕಿತ್ತೂರಿನ ಕಡೆ ಧೋಂಡಿಯಾ ತನ್ನ ಹಳೆಯ ವೈರಿ ಗೋಖಲೆಯನ್ನು ಕೊಂದನು. ಗೆಲುವು ಅವನ ಕಡೆಗೇ ಇದ್ದಂತೆ ಕಂಡಿತು. ಆದರೆ ಜುಲೈ 30ರಂದು ಮಲಪ್ರಭೆಯ ದಡದ ಮನೋಳಿಯಲ್ಲಿ ಅವನ ಬಿಡಾರ ವೆಲ್ಲೆಸ್ಲಿಯ ಕೈಗೆ ಸಿಕ್ಕಿತು. ಆನೆ, ಒಂಟೆ, ಎತ್ತು, ಕುದುರೆ, ಸಾಮಾನು ಎಲ್ಲವೂ ಹೋದವು. ತುಂಬಿದ ಹೊಳೆಗೆ ಬಿದ್ದು ಅನೇಕರು ಮುಳುಗಿ ಸತ್ತರು. ಬಿಡಾರ ಕಳೆದುಕೊಂಡ ಕುದುರೆ ದಂಡೆಂದರೆ ಲಾಯವಿಲ್ಲದ, ಮೇವಿಲ್ಲದ, ಬಿಡುವಿಲ್ಲದ ದಂಡು.

ಆ ಬಳಿಕ ಧೋಂಡಿಯಾ ಓಡಿದ್ದೇ ಹೆಚ್ಚು. ಮಲಪ್ರಭೆಯ ಮೇಲ್ಭಾಗದ ಕಾಡಂಚಿನಲ್ಲಿ ಹೊಳೆಯನ್ನು ಹಾಯ್ದು ಪೂರ್ವಕ್ಕೆ ತಿರುಗಿದನು. ಹಿಂದಿನಿಂದ ಸ್ಟೀವನ್‌ಸನ್, ಮುಂದಿನಿಂದ ವೆಲ್ಲೆಸ್ಲಿ. 1800ರ ಸೆಪ್ಟೆಂಬರ್ 10ರಂದು ಈಗಿನ ರಾಯಚೂರು ಜಿಲ್ಲೆಯ ಕೋಣಗಲ್ ಬಳಿ ಸುಮಾರು 5,000 ಸವಾರರೊಡನೆ ಎದುರು ನಿಂತನು. ವೆಲ್ಲೆಸ್ಲಿಯ ಬಳಿ ಇದ್ದುದು ನಾಲ್ಕೇ ಕುದುರೆ ರೆಜಿಮೆಂಟುಗಳು. ಅವನು ಅವುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನುಗ್ಗಿಸಿದನು. ಧೋಂಡಿಯಾನ ಸಾಲು ಮುರಿಯಿತು. ಅವನು ರಣದಲ್ಲಿಯೇ ಬಿದ್ದನು. ಸಾಮಾನುಗಳ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದನು. ಆ ಮಗುವನ್ನು ವೆಲ್ಲೆಸ್ಲಿ ತಾನೇ ನೋಡಿಕೊಂಡು, ಭಾರತ ಬಿಡುವಾಗ ಅವನ ಪಾಲನೆಗೆ ಹಣವಿಟ್ಟು ಹೋದನು.

ಸಾಕುವವರು ಗಮನಿಸಬೇಕಾದದ್ದು

ಧೋಂಡಿಯಾನಿಗೆ ಧೈರ್ಯವಿತ್ತು, ವೇಗವಿತ್ತು, ಜನರನ್ನು ಸೆಳೆಯುವ ಶಕ್ತಿಯಿತ್ತು. ಇಲ್ಲದಿದ್ದುದು ನೆಲೆ. ಒಂದೇ ಒಂದು ತಟ್ಟುವನ್ನು ಸಾಕುವವನಿಗೂ ಇದೇ ಮಾತು ಅನ್ವಯಿಸುತ್ತದೆ. ಪ್ರಾಣಿಯನ್ನು ಕೊಳ್ಳುವ ಮೊದಲೇ ಅದರ ನೆಲೆಯನ್ನೂ ಮೇವನ್ನೂ ಯೋಚಿಸಬೇಕು.

ಲಾಯವು ಎತ್ತರದ ಜಾಗದಲ್ಲಿರಲಿ. ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲ, ತಟ್ಟುವಿಗೆ 10 ಅಡಿ ಉದ್ದಗಲ ಬೇಕು. ನೆಲ ಸ್ವಲ್ಪ ಇಳಿಜಾರಾಗಿದ್ದು ಗಂಜಲ ಹೊರಗೆ ಹರಿಯಬೇಕು. ಗಾಳಿ ಆಡಬೇಕು, ಇರಿಚಲು ಬಡಿಯಬಾರದು. ಕುದುರೆ ನಿಂತೇ ತೂಕಡಿಸುತ್ತದೆ ನಿಜ, ಆದರೆ ಗಾಢ ನಿದ್ರೆಗೆ ಮಲಗಲೇಬೇಕು. ಒಣ ಹುಲ್ಲಿನ ಹಾಸಿಗೆ ಹಾಕಿರಿ.

ಕುದುರೆಯ ಜಠರ ಚಿಕ್ಕದು. ಅದಕ್ಕೆ ವಾಂತಿ ಮಾಡಲು ಬಾರದು. ಆದುದರಿಂದ ಮೇವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಬೇಕು. ಬೂಷ್ಟು ಹಿಡಿದ ಭತ್ತದ ಹುಲ್ಲು, ಒಮ್ಮೆಲೇ ಹೆಚ್ಚು ಕಾಳು ಕೂಡದು. ಹುರುಳಿಯನ್ನು ನೆನೆಸಿ ಅಥವಾ ಬೇಯಿಸಿಯೇ ಕೊಡಿರಿ. ಕುದುರೆ ಪದೇಪದೇ ಹೊಟ್ಟೆಯ ಕಡೆ ನೋಡುತ್ತ, ಕಾಲು ಕೆರೆದು, ಹೊರಳಾಡಿದರೆ ಅದು ಹೊಟ್ಟೆ ಶೂಲೆ. ಮನೆಮದ್ದಿನಲ್ಲಿ ಕಾಲ ಕಳೆಯದೆ ಪಶುವೈದ್ಯರನ್ನು ಕರೆಯಿರಿ.

ಗೊರಸನ್ನು ದಿನವೂ ಕೆರೆದು ಶುಚಿ ಮಾಡಿ, 6ರಿಂದ 8 ವಾರಕ್ಕೊಮ್ಮೆ ಕತ್ತರಿಸಿ ಸರಿಪಡಿಸಿರಿ. ಧನುರ್ವಾಯುವಿನ ಚುಚ್ಚುಮದ್ದು ತಪ್ಪಿಸಬಾರದು. ಮೂಗಿನಿಂದ ಅಂಟಾದ ಕೀವು ಸುರಿದು, ಚರ್ಮದ ಮೇಲೆ ಗಂಟುಗಳೆದ್ದು ಒಡೆದರೆ ಗ್ಲ್ಯಾಂಡರ್ಸ್ ರೋಗವೆಂದು ಶಂಕಿಸಬೇಕು. ಇದು ಮನುಷ್ಯರಿಗೂ ತಗುಲುವ ಮಾರಕ ರೋಗ. ಪ್ರಾಣಿಯನ್ನು ಬೇರೆ ಕಟ್ಟಿ, ಮುಟ್ಟದೆ, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಬೇಕು.

ಎತ್ತಾಗಲಿ, ಎಮ್ಮೆಯಾಗಲಿ, ಕುದುರೆಯಾಗಲಿ, ಅದರ ಬಲ ನಮ್ಮದಾಗಬೇಕಾದರೆ ಅದರ ಹೊಟ್ಟೆ ಮತ್ತು ಕಾಲಿನ ಹೊಣೆಯೂ ನಮ್ಮದೇ. ಶಿಕಾರಿಪುರದಿಂದ ಕೋಣಗಲ್ಲಿನವರೆಗೆ ಓಡಿದ ಆ ದಂಡಿನ ಕಥೆ ಕಲಿಸುವುದು ಇಷ್ಟೇ.