ಕುಂದಾಣಿಯ ದೊರೆ ಹೊಯ್ಸಳ ವೀರರಾಮನಾಥ

ಹೊಯ್ಸಳರೆಂದೊಡನೆ ನಮ್ಮ ಮಕ್ಕಳ ಮನಸ್ಸು ಬೇಲೂರು ಹಳೇಬೀಡುಗಳತ್ತ ಓಡುತ್ತದೆ. ಆ ಗುಡಿಗಳ ಕೀರ್ತಿಯನ್ನೂ ವಿಷ್ಣುವರ್ಧನನ ಪರಾಕ್ರಮವನ್ನೂ ಅರಿಯದ ಕನ್ನಡಿಗರಿಲ್ಲ. ಆದರೆ ಅದೇ ವಂಶದ ಅರಸನೊಬ್ಬನು ನಮ್ಮ ಹೊಸೂರು ಸೀಮೆಯ ಕುಂದಾಣಿಯನ್ನೇ ರಾಜಧಾನಿಯಾಗಿ ಮಾಡಿಕೊಂಡು ಆಳಿದನೆಂಬುದನ್ನು ಈ ಸೀಮೆಯವರಲ್ಲಿಯೇ ಬಲ್ಲವರು ವಿರಳ. ಆತನೇ ವೀರರಾಮನಾಥ. 1254ರಿಂದ 1295ರವರೆಗೆ ನಾಲ್ಕು ದಶಕಗಳಿಗೂ ಮಿಗಿಲಾಗಿ ಅರಸುತನ ಮಾಡಿದ ಈತನ ಚರಿತೆಯು ವೈಭವದ ಕಥೆಯಷ್ಟೇ ಅಲ್ಲ. ಒಂದು ಮನೆ ಎರಡಾದುದರ ಕಥೆಯೂ ಹೌದು.

ಹೊಯ್ಸಳರು ತಮಿಳುನಾಡಿನಲ್ಲಿ ಕಾಲೂರಿದುದು ರಾಮನಾಥನ ಅಜ್ಜನಾದ ಇಮ್ಮಡಿ ನರಸಿಂಹನ ಕಾಲದಲ್ಲಿ. ಸಾಮಂತನಾದ ಕೋಪ್ಪೆರುಂಜಿಂಗನು ಚೋಳ ದೊರೆ ಮೂರನೆಯ ರಾಜರಾಜನನ್ನು ಸೆರೆಯಲ್ಲಿಟ್ಟಾಗ, ನರಸಿಂಹನು ದಂಡು ಕಳುಹಿಸಿ ಆತನನ್ನು ಬಿಡಿಸಿ ಮರಳಿ ಪಟ್ಟದಲ್ಲಿ ನಿಲ್ಲಿಸಿದನು. ನರಸಿಂಹನ ಮಗ ಸೋಮೇಶ್ವರನಂತೂ ದೋರಸಮುದ್ರವನ್ನು ಬಿಟ್ಟು, ತಿರುಚ್ಚಿರಾಪಳ್ಳಿಯ ಬಳಿಯ ಕಣ್ಣನೂರಿನಲ್ಲಿಯೇ ಹೆಚ್ಚು ಕಾಲ ನೆಲೆಸಿದನು. ಅಲ್ಲಿ ಆತನು ಕಟ್ಟಿಸಿದ ಪೊಯ್ಸಳೇಶ್ವರ ದೇವಾಲಯವು ಇಂದಿಗೂ ಉಳಿದಿದೆ.

ಸೋಮೇಶ್ವರನಿಗೆ ಇಬ್ಬರು ಮಕ್ಕಳು. ಬಿಜ್ಜಳರಾಣಿಯಲ್ಲಿ ಜನಿಸಿದವನು ನರಸಿಂಹ. ಚಾಲುಕ್ಯ ಕುಲದ ದೇವಲದೇವಿಯಲ್ಲಿ ಜನಿಸಿದವನು ರಾಮನಾಥ. 1254ರಲ್ಲಿ ತಂದೆಯು ರಾಜ್ಯವನ್ನು ಇಬ್ಬರಿಗೂ ಹಂಚಿದನು. ದೋರಸಮುದ್ರವೂ ಕನ್ನಡನಾಡಿನ ಹೆಚ್ಚಿನ ಭಾಗವೂ ನರಸಿಂಹನ ಪಾಲಿಗೆ ಹೋದುವು. ಕಣ್ಣನೂರೂ ತಮಿಳು ಸೀಮೆಗಳೂ ಕೋಲಾರದ ಕಡೆಯ ಪ್ರದೇಶವೂ ರಾಮನಾಥನಿಗೆ ಬಂದುವು. ಹಿರಿಯರು ತಾವಿರುವಾಗಲೇ ಆಸ್ತಿಯನ್ನು ಪಾಲು ಮಾಡಿಕೊಟ್ಟರೆ ಮುಂದೆ ಜಗಳವಿರದೆಂದು ನಂಬುವುದುಂಟು. ಆ ನಂಬಿಕೆಯು ಇಲ್ಲಿ ಫಲಿಸಲಿಲ್ಲ.

ರಾಮನಾಥನ ಆಳಿಕೆಯ ಮೊದಲ ವರ್ಷಗಳು ಪ್ರಜಾಹಿತದಿಂದ ಕೂಡಿದುವು. 1257ರಲ್ಲಿ ಆತನ ಪ್ರಧಾನಿಯಾದ ಸಿಂಗಣ್ಣ ದಂಡನಾಯಕನು ಶ್ರೀರಂಗದ ದೇವಾಲಯದ ಪ್ರಾಕಾರದೊಳಗಿನ ಆರೋಗ್ಯಶಾಲೆಗೆ ಏರ್ಪಾಡು ಮಾಡಿ, ಅದನ್ನು ಗರುಡವಾಹನ ಪಂಡಿತನ ವಶಕ್ಕೆ ಒಪ್ಪಿಸಿದನೆಂದು ಶಾಸನವು ತಿಳಿಸುತ್ತದೆ. ದೇವರ ಸನ್ನಿಧಿಯಲ್ಲಿಯೇ ರೋಗಿಗಳ ಶುಶ್ರೂಷೆಗೂ ಎಡೆ ದೊರೆತುದು ಸಾಮಾನ್ಯ ಸಂಗತಿಯಲ್ಲ.

ಆದರೆ ದಕ್ಷಿಣದಲ್ಲಿ ಪಾಂಡ್ಯರ ಬಲವು ದಿನೇ ದಿನೇ ಬೆಳೆಯುತ್ತಲಿದ್ದಿತು. 1262ರ ಸುಮಾರಿಗೆ ಜಟಾವರ್ಮ ಸುಂದರಪಾಂಡ್ಯನೊಡನೆ ನಡೆದ ಕಾಳಗದಲ್ಲಿ ಸೋಮೇಶ್ವರನು ಮಡಿದನು. ತಂದೆಯನ್ನು ಕಳೆದುಕೊಂಡ ರಾಮನಾಥನು ಎದೆಗುಂದದೆ ಕಣ್ಣನೂರನ್ನು ಮರಳಿ ಪಡೆದು ಕೆಲಕಾಲ ಉಳಿಸಿಕೊಂಡನು. ಕೊನೆಗೆ 1279ರಲ್ಲಿ ಮಾರವರ್ಮ ಕುಲಶೇಖರ ಪಾಂಡ್ಯನು ರಾಮನಾಥನನ್ನೂ ಚೋಳ ದೊರೆ ಮೂರನೆಯ ರಾಜೇಂದ್ರನನ್ನೂ ಸೋಲಿಸಿದನು. ಅದರೊಂದಿಗೆ ಚೋಳ ವಂಶವು ಅಸ್ತಮಿಸಿತು. ಕಾವೇರಿ ತೀರದ ಹೊಯ್ಸಳ ರಾಜ್ಯವೂ ಮುಗಿಯಿತು.

ನೆಲೆಗೆಟ್ಟ ರಾಮನಾಥನು ಉತ್ತರಕ್ಕೆ ಸರಿದು, ಬೆಟ್ಟಗುಡ್ಡಗಳಿಂದ ಕೂಡಿದ ನಮ್ಮ ಸೀಮೆಗೆ ಬಂದನು. ಹೀಗೆ ಕುಂದಾಣಿಯು ರಾಜಧಾನಿಯಾಯಿತು. ದೇವನಹಳ್ಳಿಯ ಬಳಿಯ ಕುಂದಾಣವೇ ಅದೆಂದು ಹಿಂದೆ ಭಾವಿಸಿದವರುಂಟು. ಶೂಲಗಿರಿ ಸೀಮೆಯ ಕುಂದಾಣಿಯೇ ಆ ಸ್ಥಳವೆಂದು ಅನಂತರದ ವಿದ್ವಾಂಸರು ಗುರುತಿಸಿದ್ದಾರೆ. ಪಾಂಡ್ಯರಿಂದ ಕಳೆದುಕೊಂಡುದನ್ನು ತಮ್ಮ ಮನೆಯವರಿಂದಲೇ ತುಂಬಿಕೊಳ್ಳಲು ಆತನು ಹವಣಿಸಿ, ನರಸಿಂಹನ ರಾಜ್ಯದ ಮೇಲೆ ದಂಡೆತ್ತಿದನು. ಇಂದಿನ ಬೆಂಗಳೂರು, ಕೋಲಾರ, ತುಮಕೂರುಗಳ ಕಡೆಯ ಅನೇಕ ಊರುಗಳು ಆತನ ವಶವಾದುವು. ಒಂದೇ ವಂಶದ ಎರಡು ಸೇನೆಗಳು ಕನ್ನಡನಾಡಿನ ನೆಲದಲ್ಲಿ ಎದುರುಬದುರಾಗಿ ನಿಂತುವು. ಇದರಿಂದ ಯಾರಿಗೂ ನಿಲ್ಲುವ ಜಯ ದೊರೆಯಲಿಲ್ಲ; ಊರೂರಿನ ಬಂಟರು ಮಾತ್ರ ಮಡಿದರು.

ವಾಚಕರು ವಿಶೇಷವಾಗಿ ಮನಗಾಣಬೇಕಾದುದು ಇನ್ನೊಂದಿದೆ. ಕನ್ನಡ ಕುಲದ ಈ ಅರಸನ ಕಾಲದ ಶಾಸನಗಳಲ್ಲಿ ಬಹುಪಾಲು ತಮಿಳಿನಲ್ಲಿವೆ. ಇಂದು ಬೆಂಗಳೂರು ನಗರದೊಳಗೆ ಸೇರಿಹೋಗಿರುವ ದೊಮ್ಮಲೂರಿನ ಚೊಕ್ಕನಾಥ ದೇವಾಲಯಕ್ಕೆ 1290ರಲ್ಲಿ ಆತನು ಹತ್ತು ಹೊನ್ನಿನ ದತ್ತಿ ಬಿಟ್ಟುದನ್ನು ತಿಳಿಸುವ ಬರೆಹವೂ ತಮಿಳಿನದೇ. ಇದನ್ನು ಕಂಡು ಕನ್ನಡಿಗರು ಕುಗ್ಗಬೇಕಾದುದಿಲ್ಲ, ತಮಿಳರು ಬೀಗಬೇಕಾದುದೂ ಇಲ್ಲ. ಎರಡು ನುಡಿಗಳೂ ಈ ನೆಲದಲ್ಲಿ ಒಟ್ಟಿಗೆ ಬಾಳಿದುವೆಂಬುದಕ್ಕೆ ಆ ಕಲ್ಲುಗಳೇ ಸಾಕ್ಷಿ.

1295ರಲ್ಲಿ ರಾಮನಾಥನು ತೀರಿಕೊಂಡನು. ಆತನ ಮಗ ವಿಶ್ವನಾಥನ ಆಳಿಕೆಯು ಕೆಲವೇ ವರ್ಷಗಳಲ್ಲಿ ಕೊನೆಗೊಂಡಿತು. ಆಗ ನರಸಿಂಹನ ಮಗನಾದ ಮೂರನೆಯ ಬಲ್ಲಾಳನು ಎರಡು ಪಾಲುಗಳನ್ನೂ ಮತ್ತೆ ಒಂದುಗೂಡಿಸಿದನು. 1301ರಲ್ಲಿ ಆತನು ಕುಂದಾಣಿ ರಾಜ್ಯ, ಮೊರಸುನಾಡು ಮೊದಲಾದ ಸೀಮೆಗಳ ಮಠ ಸ್ಥಾನಗಳ ಒಡೆಯರಿಗೆ ನಿರೂಪ ಹೊರಡಿಸಿ, ದೇವಾಲಯದ ಭೂಮಿಗಳ ತೆರಿಗೆಗಳನ್ನು ಬಿಟ್ಟುಕೊಟ್ಟನು. ಅಣ್ಣತಮ್ಮಂದಿರ ಕಲಹದಲ್ಲಿ ನೊಂದ ಸೀಮೆಯನ್ನು ಸಂತೈಸುವ ಕಾರ್ಯವಿದು ಎನ್ನಬಹುದು. ಆದರೆ ಹತ್ತೇ ವರ್ಷಗಳಲ್ಲಿ, 1311ರಲ್ಲಿ, ಮಲಿಕ್ ಕಾಫರನ ಸೇನೆಯು ದೋರಸಮುದ್ರದ ಬಾಗಿಲಿಗೆ ಬಂದಿತು. ನಾಲ್ವತ್ತು ವರ್ಷ ಒಡೆದಿದ್ದ ಮನೆಯು ತನ್ನ ಹಳೆಯ ಬಲವನ್ನು ಮರಳಿ ಪಡೆಯಲು ಅಷ್ಟು ಕಾಲ ಸಾಲದಾಯಿತು.

ರಾಮನಾಥನು ಹೇಡಿಯಲ್ಲ, ಧರ್ಮಹೀನನೂ ಅಲ್ಲ. ಹೊರಗಿನ ಹಗೆಯನ್ನು ಎದುರಿಸಬೇಕಾದ ಕಾಲದಲ್ಲಿ ಒಳಗಿನವರೊಡನೆ ಸೆಣಸಿದುದೇ ಆತನ ಬಾಳಿನ ಕೊರತೆ. ಆ ದೋಷದಲ್ಲಿ ಪಾಲು ಹಂಚಿದ ತಂದೆಗೂ ಭಾಗವಿದೆ.

ಇಂದು ಕುಂದಾಣಿಯು ಕೃಷ್ಣಗಿರಿ ಜಿಲ್ಲೆಯ ಒಂದು ಹಳ್ಳಿ. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ, ಇಲ್ಲಿ ಒಬ್ಬ ಹೊಯ್ಸಳ ದೊರೆಯಿದ್ದನೆಂದು ಹೇಳುವುದು ನಮ್ಮ ಕರ್ತವ್ಯ. ನಮ್ಮ ಊರುಗಳಲ್ಲಿ ಬರೆಹದ ಕಲ್ಲುಗಳಿದ್ದರೆ ಅವನ್ನು ಒಗೆಯುವ ಬಂಡೆಯಾಗಿಯೋ ಮೆಟ್ಟಿಲಾಗಿಯೋ ಬಳಸದೆ ಕಾಪಾಡೋಣ. ಅದರ ಅಕ್ಷರ ಕನ್ನಡವಾಗಿರಲಿ, ತಮಿಳಾಗಿರಲಿ, ಅದರಲ್ಲಿರುವುದು ನಮ್ಮ ಹಿರಿಯರ ಕಥೆಯೇ.