ಮರುಳುಗಳ ನಡುವೆ ರನ್ನ

ನಮ್ಮ ಹರಪನಹಳ್ಳಿಯ ಕಡೆಯ ಬಯಲಾಟಗಳಲ್ಲಿ ದುರ್ಯೋಧನನ ಆರ್ಭಟವನ್ನು ನೋಡಿ ಬೆಳೆದವನು ನಾನು. ಅವನಿಗಾಗಿ ಮರುಗಲು ಕಲಿಸಿದವನು ರನ್ನ. ಕ್ರಿ.ಶ. 949ರಲ್ಲಿ ಮುದುವೊಳಲಿನ, ಎಂದರೆ ಮುಧೋಳದ, ಬಳೆಗಾರರ ಮನೆಯಲ್ಲಿ ಜನಿಸಿದ ಈತನು ಓದಿನ ಹಂಬಲದಿಂದ ಊರು ಬಿಟ್ಟು ಗಂಗಮಂತ್ರಿ ಚಾವುಂಡರಾಯನ ಆಶ್ರಯ ಸೇರಿದನು. ಬಳೆಯ ಮಲಾರ ಹೊರಬೇಕಾಗಿದ್ದವನಿಗೆ ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆಂಬ ಬಿರುದು ಬಂದಿತು! ಗದಾಯುದ್ಧದಲ್ಲಿ ತನ್ನ ಒಡೆಯ ಸತ್ಯಾಶ್ರಯನನ್ನೇ ಸಾಹಸಭೀಮನನ್ನಾಗಿ ಮಾಡಿ ಹೊಗಳಿದನು. ಇರಲಿ, ಆಸ್ಥಾನಕವಿಗೆ ಅದು ತಪ್ಪದು. ನನ್ನ ಮನಸ್ಸು ನಿಲ್ಲುವುದು ಕುರುಕ್ಷೇತ್ರದ ಆ ನಡಿಗೆಯಲ್ಲಿ. ವೀರ, ಬೀಭತ್ಸ, ಹಾಸ್ಯ ಮೂರೂ ಅಲ್ಲಿ ಒಂದಾಗಿವೆ. ಸಂಜಯನ ಆಸರೆಯಲ್ಲಿ ಹೆಣಗಳ ನಡುವೆ ಎಡವುತ್ತ ಹೋಗುವ ಚಕ್ರವರ್ತಿಯನ್ನು ಮರುಳುಗಳು ಗೇಲಿಮಾಡುತ್ತವೆ. ಓದುತ್ತ ನಕ್ಕೆನು. ಮುಂದೆ ಅವನು ಕರ್ಣನ ಹೆಣದ ಬಳಿ ಗೋಳಿಡುವಾಗ ಆ ನಗು ಗಂಟಲಲ್ಲೇ ನಿಂತಿತು.